ಹಿಗ್ಗಿಸದೆ ಉಳಿದ ಶಾಲು

ಫಿರ್ದೌಸ್ ಹಾಸಿಗೆಯನ್ನು ಮತ್ತೊಮ್ಮೆ ಕೊಡವಿದಳು. ದಿಂಬಿನ ಗಲೀಪು ಕಳಚಿ ಒಳಗೆ ಕೈಯಾಡಿಸಿದಳು. ಹೆಣಿಗೆಯ ಎರಡು ಕಡ್ಡಿ, ಒಂದು ಹಳದಿ ಉಲ್ಲನ್ ಉಂಡೆ ಸಿಕ್ಕವು. ಶಾಲು ಸಿಗಲಿಲ್ಲ.

ಅಮ್ಮಿಯ ಶವವಿದ್ದ ಜನಾಜ ಹೊತ್ತ ಗಂಡಸರು ಆಗಲೇ ಬೀದಿಯ ತಿರುವು ದಾಟಿದ್ದರು. ಮನೆಯಲ್ಲಿ ಹೆಂಗಸರು ಮಾತ್ರ ಉಳಿದಿದ್ದರು.

"ಏನೇ ಅದು, ತಾಯಿ ಮನೆ ಬಿಟ್ಟು ಹೋಗೋಷ್ಟರಲ್ಲಿ ಗಂಟು ಹುಡುಕ್ತಿದೀಯಾ?" ಎಂದಳು ಅಮ್ನಾ ಖಾಲಾ. ಅಮ್ಮಿ ರಜಿಯಾ ಬೇಗಂಳ ಅಕ್ಕ ಅವಳು. ಬೆಳಿಗ್ಗೆ ತಂಗಿಯ ಮೈಯತ್ತಿಗೆ ಸ್ನಾನ ಮಾಡಿಸಿ ಕಫನ್ ಉಡಿಸಿದವಳೂ ಅವಳೇ.

"ಅಮ್ಮಿಯ ಬಿಳಿ ಶಾಲು, ಖಾಲಾ. ಮೊನ್ನೆ ತಾನೇ ಮುಗಿಸಿದ್ರು. ತಲೆದೆಸೇಲೇ ಇತ್ತು."

"ನಾ ಯಾವ ಶಾಲೂ ಕಾಣೆ ಕಣೇ. ಮುದುರಿದ್ದ ಬಲೆ ತರದ್ದೊಂದು ಚಿಂದಿ ಇತ್ತು. ಮೈ ಒರೆಸೋಕೆ ಮೆತ್ತಗಿತ್ತು, ತಗೊಂಡೆ."

ಫಿರ್ದೌಸ್ ದಿಂಬು ಬಿಟ್ಟು ಹಿತ್ತಲಿಗೆ ಓಡಿದಳು.

* * *

ರಜಿಯಾ ಬೇಗಂ ಜೀವಮಾನವೆಲ್ಲ ಹೆಣೆದದ್ದು ಬಿಚ್ಚಿದ ಉಲ್ಲನ್‌ನಲ್ಲಿ. ಗಂಡ ಇನಾಯತುಲ್ಲಾನ ಹೊಲಿಗೆ ಅಂಗಡಿಗೆ ಬಂದ ಹಳೇ ಸ್ವೆಟರುಗಳನ್ನು ಬಿಚ್ಚಿ, ಸುಕ್ಕಾದ ದಾರಕ್ಕೆ ಹಬೆ ಹಿಡಿದು, ಅದರಲ್ಲೇ ಮಗಳಿಗೂ ಮಗ ಜಾವೀದನಿಗೂ ಸ್ವೆಟರು ಹಾಕಿಕೊಟ್ಟಿದ್ದಳು. ಮೂತ್ರಪಿಂಡ ಕೆಟ್ಟು, ಬೇಸಿಗೆಯಲ್ಲೂ ಮೈ ನಡುಗತೊಡಗಿದ ಮೇಲೆ ಮೊದಲ ಸಲ ಬಾಯಿಬಿಟ್ಟು ಫಿರ್ದೌಸಳನ್ನು ಕೇಳಿದಳು: "ನನಗೊಂದು ಶಾಲು ಹಾಕ್ಕೋಬೇಕು. ಹೊಸಾ ಉಲ್ಲನ್ ತಂದ್ಕೊಡು."

ಮೈತುಂಬ ತೂತು ಬಿಟ್ಟು ಎಲೆ ಎಲೆಯಾಗಿ ಹೆಣೆಯುವ ವಿನ್ಯಾಸ. ಕಡ್ಡಿಯ ಮೇಲೆ ಅದು ಎಲೆಯಂತೆ ಕಾಣುತ್ತಲೇ ಇರಲಿಲ್ಲ.

"ಅಮ್ಮಿ, ಇದರಲ್ಲಿ ಚಳಿ ನಿಲ್ಲಲ್ಲ, ಕೆರೆ ಮೀನು ನಿಲ್ತವೆ ಅಷ್ಟೇ," ಎಂದು ಜಾವೀದ್ ರೇಗಿಸಿದ್ದ.

"ಈಗ ಹಿಂಡಿದ ಬಟ್ಟೆ ಕಣೋ ಇದು. ನೆನೆಸಿ, ಅಂಚಿಗೆ ಗರಿಕಡ್ಡಿ ಪೋಣಿಸಿ, ನಾಲ್ಕೂ ಕಡೆ ಎಳೆದು ಒಣಗಿಸ್ಬೇಕು. ಆಗ ಎಲೆ ಬಿಚ್ಕೊಳ್ಳುತ್ತೆ."

ಅದಕ್ಕೆಂದೇ ಪಕ್ಕದ ಮನೆಯ ಸಿದ್ದಗಂಗಮ್ಮನ ತೋಟದಿಂದ ತೆಂಗಿನ ಗರಿ ತರಿಸಿ, ಕಡ್ಡಿಗಳನ್ನು ನುಣ್ಣಗೆ ಹೆರೆದು, ಬಾಗಿಲ ಹಿಂದೆ ಕಟ್ಟಿಟ್ಟಿದ್ದಳು.

ಮೊನ್ನೆ ಸಂಜೆ ಕೊನೆಯ ಕುಣಿಕೆ ಮುಚ್ಚಿದಳು. "ಇವತ್ತೇ ನೆನೆಸೇ. ಒಂದ್ಸಲ ಅದು ಬಿಚ್ಕೊಳ್ಳೋದು ನೋಡ್ಬೇಕು."

"ಸುಸ್ತಾಗಿದೀರ. ನಾಳೆ ಆಗಲಿ ಅಮ್ಮಿ."

"ಹೂಂ ಬಿಡು. ಹಳದೀಲಿ ಜಾವೀದನ ಮಗೂಗೆ ಟೋಪಿ. ಆಮೇಲೆ ಸಿದ್ದಗಂಗಮ್ಮಂಗೆ ತೋಳಿಲ್ಲದ ಸ್ವೆಟರು. ಮುಂದಿನ ಚಳಿಗೆ ನಿಂದು. ಯಾವ ಬಣ್ಣ ಬೇಕು?"

ಮುಂದಿನ ಚಳಿಗಾಲದ ಮಾತು ಬೇಡವೆಂದು ಡಾಕ್ಟರು ಫಿರ್ದೌಸಳನ್ನು ಹೊರಗೆ ಕರೆದು ಹೇಳಿದ್ದರು.

"ಹಸಿರು," ಎಂದಿದ್ದಳು ಅವಳು.

* * *

ಸ್ನಾನದ ನೀರು ಇಂಗಲೆಂದು ಹಿತ್ತಲಲ್ಲಿ, ತೆಂಗಿನ ಮಟ್ಟೆಯ ರಾಶಿಯ ಪಕ್ಕ ಗುಂಡಿ ತೋಡಿದ್ದರು. ಒರೆಸಿದ ಬಟ್ಟೆಗಳೂ ಅದರಲ್ಲೇ ಬಿದ್ದಿದ್ದವು. ಸಿದ್ದಗಂಗಮ್ಮ ಸೆರಗು ಸಿಕ್ಕಿಸಿ ಸನಿಕೆಯಿಂದ ಮಣ್ಣೆಳೆಯುತ್ತಿದ್ದಳು. ಅರ್ಧ ಮುಚ್ಚಿಯಾಗಿತ್ತು.

ಫಿರ್ದೌಸ್ ಗುಂಡಿಗೆ ಇಳಿದು ಕೆಸರಿನೊಳಗೆ ಎರಡೂ ಕೈ ಹಾಕಿದಳು.

"ಅಯ್ಯೋ, ಇದೇನ್ ಹುಡುಗಿ," ಎಂದು ಸಿದ್ದಗಂಗಮ್ಮ ಸನಿಕೆ ಬಿಟ್ಟಳು.

ಫಿರ್ದೌಸ್ ಶಾಲಿನ ಮುದ್ದೆ ಹಿಡಿದು ಮೇಲೆ ಬರುತ್ತಲೇ ಅಮ್ನಾ ಖಾಲಾ ಬಾಗಿಲಲ್ಲಿ ಅಡ್ಡ ನಿಂತಳು. "ಬುಡೇ ಅದನ್ನ. ಮೈಯತ್ ಒರೆಸಿದ್ದು ಮನೆ ಒಳಕ್ಕೆ ಬರಬಾರ್ದು."

"ಅಮ್ಮಿ ಮುಟ್ಟದೆ ಇರೋದು ಈ ಮನೇಲಿ ಯಾವ್ದಿದೆ ಖಾಲಾ? ಎಲ್ಲಾ ಹೂಳ್ತೀರಾ?"

ಖಾಲಾ ದಾರಿ ಬಿಡಲಿಲ್ಲ. ಸಿದ್ದಗಂಗಮ್ಮ ಕೊಡ ಎತ್ತಿ ಫಿರ್ದೌಸಳ ಕೈಲಿದ್ದ ಮುದ್ದೆಯ ಮೇಲೆ ನೀರು ಹೊಯ್ದಳು. ಕೆಮ್ಮಣ್ಣಿನ ನೀರು ಹರಿಯಿತು, ಆಮೇಲೆ ಮಾಸಲು ನೀರು. ಮೈಯತ್ತಿನ ಸ್ನಾನಕ್ಕೆ ಹಾಕಿದ ಕರ್ಪೂರದ ವಾಸನೆ ಮಾತ್ರ ಹೋಗಲಿಲ್ಲ. ಮೂರನೇ ಕೊಡಕ್ಕೆ ಖಾಲಾ ಬಾಗಿಲಿನಿಂದ ಸರಿದು ಗೋಡೆಯತ್ತ ತಿರುಗಿ ನಿಂತಳು.

ನಡುಮನೆಯಲ್ಲಿ, ಬೆಳಿಗ್ಗೆ ಅಮ್ಮಿಯನ್ನು ಮಲಗಿಸಿದ್ದ ಕಡೆ ಮಾತ್ರ ಜಾಗವಿತ್ತು. ಫಿರ್ದೌಸ್ ಚಾಪೆ ಹಾಸಿ, ಶಾಲಿನ ಅಂಚಿಗೆ ಗರಿಕಡ್ಡಿ ಪೋಣಿಸಿದಳು. ಅಬ್ಬನ ಅಂಗಡಿಯ ಗುಂಡುಸೂಜಿಗಳನ್ನು ಚುಚ್ಚಿದಳು.

"ಆ ತುದಿ ಹಿಡ್ಕೊಳಿ ಸಿದ್ದಗಂಗಮ್ಮನೋರೆ. ಎಳೀರಿ."

"ಹರಿದೋದೀತು ಕಣೇ."

"ಹರಿಯಲ್ಲ. ಇನ್ನೂ ಎಳೀರಿ."

ಮುದ್ದೆ ಸಡಿಲವಾಯಿತು. ಒಂದು ತೂತು ತೆರೆಯಿತು, ಪಕ್ಕದ್ದು ತೆರೆಯಿತು. ಇದ್ದಕ್ಕಿದ್ದಂತೆ ಒಂದು ಸಾಲು ಎಲೆ. ನಡುವೆ ಅಂಗೈ ಅಗಲದ ಕಂದು ಕಲೆ ಉಳಿದೇ ಇತ್ತು.

ಗಂಡಸರು ಹಿಂತಿರುಗಿದಾಗ ಶಾಲು ಗೋಡೆಯಿಂದ ಗೋಡೆಗೆ ಚಾಚಿತ್ತು. ಇನಾಯತುಲ್ಲಾ ಹೊಸ್ತಿಲಲ್ಲೇ ನಿಂತ. ಅವನ ಕಾಲಿಗೆ ಕಬರಸ್ತಾನದ ಮಣ್ಣು ಮೆತ್ತಿತ್ತು.

"ಒಳಗೆ ಬಾ ಅಬ್ಬಾ," ಎಂದ ಹಿಂದಿದ್ದ ಜಾವೀದ್.

"ಎಲ್ಲಿಗೆ ಬರ್ಲೋ? ಅವಳಿದಾಳಲ್ಲ ಇಲ್ಲಿ."

ಗೋಡೆಗೆ ಬೆನ್ನು ಹತ್ತಿಸಿಕೊಂಡು ಸರಿದು, ಅವನು ಮೂಲೆಯಲ್ಲಿ ಮಂಡಿ ಮಡಿಸಿ ಕುಳಿತ. ಉಳಿದವರೂ ಬಂದು ಬೆಳಿಗ್ಗೆ ಮೈಯತ್ತಿನ ಸುತ್ತ ಕುಳಿತಂತೆಯೇ ಶಾಲಿನ ಸುತ್ತ ಕುಳಿತರು. ನೆಂಟರ ಮನೆಯಿಂದ ಬಂದ ಅನ್ನದ ಪಾತ್ರೆ ಗೋಡೆಗುಂಟ ಕೈಯಿಂದ ಕೈಗೆ ಸಾಗಿತು. ಖಾಲಾ ಅದನ್ನು ಮುಂದಕ್ಕೆ ದಾಟಿಸಿ, ಶಾಲಿನ ಅಂಚಿಗೆ ತಾಗುತ್ತಿದ್ದ ತನ್ನ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.