ನೇಡಾಳ ಬಾಗಿಲಿಗೆ ನನ್ನ ಹೆಸರು

ದೋಬ್ರಿ ಸತ್ತು ಮೂರು ದಿನ ಆಗಿರಲಿಲ್ಲ, ನನ್ನ ಗೇಟಿನ ಎದುರಿನ ಲೈಟ್ ಕಂಬಕ್ಕೆ ಅವನ ಸಾವಿನ ಹಾಳೆ ಅಂಟಿಸಿದ್ದರು. ಅವನ ಹೆಂಡತಿ ಕಡೆಯವರು. ಅದಕ್ಕಂತಲೇ ಕೆಲಸಗೆಟ್ಟು ತಾರ್ನೊವೊದಿಂದ ರೈಲು ಹತ್ತಿ ನಮ್ಮ ದ್ರ್ಯಾನೊವೊಗೆ ಬಂದಿದ್ದರು. ಹಾಳೆಯಲ್ಲಿ ಮಿಲಿಟರಿ ಟೋಪಿ ಹಾಕಿಕೊಂಡ, ಮೀಸೆ ಸರಿಯಾಗಿ ಬಾರದ ಹುಡುಗ, ಅವನದೇ ಹಳೇ ಫೋಟೋ. ಕೆಳಗೆ, 'ದುಃಖದಲ್ಲಿ: ಹೆಂಡತಿ ನೇಡಾ'.

ಅಷ್ಟು ವರ್ಷ ನನ್ನ ಮಂಚದ ಮೇಲೆ ಗೊರಕೆ ಹೊಡೆದ ಗಂಡಸು, ನನ್ನ ಕೈಯಲ್ಲೇ ಪ್ರಾಣ ಬಿಟ್ಟ. ಹೆಣ ಅವರು ಒಯ್ದರು, ಕಾನೂನು ಅವರ ಕಡೆ. ಸ್ಮಶಾನದ ಗೇಟಿನಲ್ಲಿ ನನ್ನನ್ನು ತಡೆದರು. ವಿಚ್ಛೇದನ ಕೊಡು ಅಂತ ನೇಡಾಳನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗೆ ಕೊನೆತನಕ ಬರಲಿಲ್ಲ. ಹೇಡಿ ಮುಂಡೇದು. ಈಗ ನೋಡಿ, ಕಸ ಹಾಕೋಕೆ ಗೇಟು ತೆಗೆದರೂ ಅವನು ನೇಡಾಳ ಗಂಡ ಅಂತ ನಾನು ಓದಬೇಕು.

ನಮ್ಮಲ್ಲಿ ನಲವತ್ತನೇ ದಿನಕ್ಕೆ ಹೊಸ ಹಾಳೆ ಅಂಟಿಸೋದು ಪದ್ಧತಿ. ಸರಿ, ನಾನೂ ಅಂಟಿಸ್ತೀನಿ ಅಂದುಕೊಂಡೆ. ನಮ್ಮ ಊರಲ್ಲಲ್ಲ, ಅವಳ ಬಾಗಿಲಿಗೆ.

ಅಚ್ಚಿನ ಅಂಗಡಿಯವನು ಕೇಳಿದ, "ಗಿಂಕಾ ಅಂತ ಹಾಕ್ತೀನಿ, ಸರಿ. ಸಂಬಂಧ ಏನು ಅಂತ ಹಾಕಲಿ? ಹೆಂಡತಿ, ಅಕ್ಕ, ಅತ್ತಿಗೆ, ಏನಾದರೂ ಒಂದು ಬೇಕಲ್ಲ."

"ಬರೀ ಗಿಂಕಾ ಅಂತ ಹಾಕಪ್ಪ. ಗೊತ್ತಿರೋರಿಗೆ ಗೊತ್ತು, ಗೊತ್ತಿಲ್ಲದವರು ಕೇಳಲಿ."

ಪಕ್ಕದ ಮನೆ ಟೋತ್ಕಾ ತಾನೂ ಬರ್ತೀನಿ ಅಂತ ಹೊರಟಳು. ಒಬ್ಬಳೇ ಹೋದರೆ ನಾನು ಯಾರದಾದರೂ ಜುಟ್ಟು ಹಿಡೀತೀನಿ ಅಂತ ಅವಳಿಗೆ ಹೆದರಿಕೆ. ರೈಲಿನಲ್ಲಿ ನನ್ನ ತೊಡೆ ಮೇಲೆ ಹಾಳೆಗಳ ಕಟ್ಟು, ಚೀಲದಲ್ಲಿ ಒಂದು ಬಾಟಲಿ ಮೈದಾ ಅಂಟು. ಟೇಪ್ ಹಾಕಿದರೆ ಒಂದೇ ಏಟಿಗೆ ಕಿತ್ತು ಬರುತ್ತೆ, ಅದಕ್ಕೇ ಬೆಳಗ್ಗೆ ಎದ್ದು ಅಂಟು ಕುದಿಸಿದ್ದೆ.

"ಈ ವಯಸ್ಸಲ್ಲಿ ಊರ ಬಾಯಿಗೆ ಬೀಳ್ತೀಯಲ್ಲೇ," ಅಂದಳು ಟೋತ್ಕಾ.

"ಅವನನ್ನ ಮನೆಗೆ ಕರಕೊಂಡು ಬಂದ ದಿನದಿಂದ ಅಲ್ಲೇ ಬಿದ್ದಿದ್ದೀನಿ ಕಣೇ. ಹಾಸಿಗೆ ಹಾಸಿಕೊಂಡು ಮಲಗಿದ್ದೀನಿ."

ಸತ್ತವನ ಹೆಸರಲ್ಲಿ ಹಂಚೋಕೆ ಸಕ್ಕರೆ, ಆಕ್ರೋಟು ಹಾಕಿ ಬೇಯಿಸಿದ ಗೋಧಿ ತಂದಿದ್ದೆ. ಬೋಗಿಯಲ್ಲಿದ್ದ ಮಂದಿಗೆಲ್ಲ ಒಂದೊಂದು ಚಮಚ ಕೊಟ್ಟೆ. ಎಲ್ಲರೂ ತಿಂದು, "ದೇವರು ಅವನನ್ನ ಕ್ಷಮಿಸಲಿ," ಅಂದರು. ಎದುರು ಕೂತಿದ್ದ ಹೆಂಗಸು ಕೇಳಿದಳು, "ಯಾರಮ್ಮ ನಿಮಗೆ?"

"ದೂರದ ನೆಂಟ," ಅಂತ ಟೋತ್ಕಾ ಬಾಯಿ ಹಾಕಿದಳು.

"ನನ್ನ ಗಂಡಸು," ಅಂದೆ ನಾನು. ಹೆಂಗಸು ಗೋಧಿ ಅಗಿಯುತ್ತ ಕಿಟಕಿ ಕಡೆ ತಿರುಗಿದಳು. ತಿರುಗಲಿ.

ತಾರ್ನೊವೊ ಸ್ಟೇಷನ್ ಕೆಳಗೆ ನದಿ ಪಕ್ಕದಲ್ಲಿ, ಊರು ಮೇಲೆ. ಏದುಸಿರು ಬಿಡುತ್ತ ಹತ್ತಿದೆವು. ಕೋಟೆ ನೋಡೋಕೆ ಬಂದ ಪ್ರವಾಸಿಗಳು ದಾರಿ ತುಂಬ ಫೋಟೋ ತೆಗೀತಾ ನಿಂತಿದ್ದರು. ಒಬ್ಬ ಹುಡುಗಿ ನನ್ನ ಕೈಗೇ ಫೋನು ಕೊಟ್ಟು ತೆಗೀರಿ ಅಂದಳು. ತೆಗೆದೆ. ಫೋಟೋದಲ್ಲಿ ಅವಳ ತಲೆಯೇ ಕತ್ತರಿಸಿ ಹೋಗಿತ್ತು.

ನೇಡಾಳ ಮನೆ ಕಲ್ಲುಹಾಸಿನ ಇಳಿಜಾರು ಬೀದಿಯಲ್ಲಿತ್ತು. ಬಾಗಿಲ ಮೇಲೆ ಅವಳ ಹೊಸ ಹಾಳೆ, ಅದೇ ಟೋಪಿ ಹುಡುಗ. ನಾನು ಬ್ರಷ್ ತೆಗೆದು ಅದರ ಪಕ್ಕದಲ್ಲೇ ಅಂಟು ಬಳಿದೆ, ನನ್ನ ಹಾಳೆ ಹಚ್ಚಿ ಅಂಗೈಯಿಂದ ಉಜ್ಜಿದೆ. ಆಗಲೇ ಬಾಗಿಲು ತೆರೆಯಿತು. ನೇಡಾ. ನನಗಿಂತ ದೊಡ್ಡವಳು, ಕಪ್ಪು ಬಟ್ಟೆ ಉಟ್ಟಿದ್ದಳು, ಕೈಯೆಲ್ಲ ಹಿಟ್ಟು.

"ನನ್ನ ಹೊಸ್ತಿಲಿಗೆ ಬರೋಕೆ ನಾಚಿಕೆ ಆಗಲ್ವೇನೇ ನಿಂಗೆ?"

"ನನ್ನ ಕಂಬಕ್ಕೆ ಬಂದಾಗ ನಿಮ್ಮೋರಿಗೆ ಆಯ್ತಾ?"

ಅವಳು ಸರಕ್ಕನೆ ನನ್ನ ಹಾಳೆ ಕಿತ್ತಳು. ನಾನು ಇನ್ನೊಂದು ಹಚ್ಚಿದೆ. ಅದನ್ನೂ ಕಿತ್ತಳು. ಮತ್ತೊಂದು ಹಚ್ಚಿದೆ. ಎದುರುಮನೆ ಕಿಟಕಿ ತೆರೆಯಿತು. ಟೋತ್ಕಾ ನನ್ನ ತೋಳು ಎಳೀತಿದ್ದಳು.

"ಕೀಳು ನೇಡಾ, ಎಷ್ಟು ಬೇಕಾದರೂ ಕೀಳು," ಅಂದೆ. "ಕಟ್ಟೇ ತಂದಿದ್ದೀನಿ."

ಅವಳು ಮತ್ತೆ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಕಣ್ಣು ಕಿರಿದು ಮಾಡಿ ನನ್ನ ಹಾಳೆಯಲ್ಲಿದ್ದ ದೋಬ್ರಿಯ ಫೋಟೋ ನೋಡಿದಳು. ಅದು ಹೋದ ಬೇಸಿಗೆಯಲ್ಲಿ ನನ್ನ ಹಿತ್ತಲಲ್ಲಿ ತೆಗೆದದ್ದು.

"ಇಷ್ಟು ಬಡಕಲಾಗಿದ್ನಾ?" ಅಂದಳು.

"ಕೊನೇ ವರ್ಷ ಇಳಿದುಹೋದ. ಅದಕ್ಕೆ ಮುಂಚೆ ಚೆನ್ನಾಗೇ ಇದ್ದ, ಹೊಟ್ಟೆ ಬಿಟ್ಟಿದ್ದ."

"ನನ್ನ ಹತ್ರ ಇರೋದು ಆ ಮಿಲಿಟರಿದೊಂದೇ." ಏಪ್ರನ್ನಿಗೆ ಕೈ ಒರೆಸಿಕೊಂಡಳು. "ನಿನ್ನ ಹೆಸರು ಹರಿದು ಹಾಕು. ಫೋಟೋ ಬೇಕಾದ್ರೆ ಇರಲಿ."

"ಹೆಸರಿಲ್ದೆ ಫೋಟೋ ಇಲ್ಲ."

"ನಾನು ತಾಳಿದ್ದು ಸಾಲದಾ? ಬೀದಿಯೋರೆಲ್ಲ ಓದಬೇಕಾ?"

"ನಾನು ದಿನಾ ಓದ್ತಿದ್ದೀನಿ, ನೇಡಾ. ನೀನೂ ಓದು."

ಈಗ ಮುಖಕ್ಕೆ ಉಗುಳ್ತಾಳೆ ಅಂದುಕೊಂಡೆ. ಅವಳು ದನಿ ತಗ್ಗಿಸಿದಳು, ಎದುರುಮನೆಯವರಿಗೆ ಕೇಳಿಸದ ಹಾಗೆ. "ಕೊನೇಲಿ ನನ್ನ ಹೆಸರು ಎತ್ತಿದ್ನಾ?"

ಹೂಂ ಅಂದುಬಿಟ್ಟಿದ್ದರೆ ಸಾಕಿತ್ತು. ಅವಳೇ ಹಾಳೆಗೆ ಅಂಟು ಬಳಿದು ಕೊಡುತ್ತಿದ್ದಳು. ಟೋತ್ಕಾ ನನ್ನ ಬೆನ್ನು ತಿವಿದಳು, ಹೇಳು ಅಂತ. ಸಿಟ್ಟು ಬಂತು, ಇವಳ ಮೇಲಲ್ಲ, ಆ ಸತ್ತವನ ಮೇಲೆ. ನಮ್ಮಿಬ್ಬರನ್ನ ಹೀಗೆ ಬಾಗಿಲಲ್ಲಿ ನಿಲ್ಲಿಸಿ ತಾನು ಆರಾಮಾಗಿ ಮಲಗಿದ್ದಾನೆ. ಅವನಿಗೋಸ್ಕರ ಒಂದು ಸುಳ್ಳೂ ಹೇಳಲ್ಲ ಅನ್ನಿಸಿತು.

"ಇಲ್ಲ," ಅಂದೆ. "ನನ್ನದೂ ಎತ್ತಲಿಲ್ಲ. ನೀರು ಕೇಳಿದ. ಕುಡಿದ. ಅಷ್ಟೇ."

ನೇಡಾ ನನ್ನ ಹಾಳೆ ಕಡೆ ತಿರುಗಿದಳು.

"ನಾಳೆ ಇದನ್ನ ಕಿತ್ತು ಹಾಕ್ತೀನಿ," ಅಂದಳು.

"ಕೀಳು. ನಾನು ಮತ್ತೆ ಬರ್ತೀನಿ."

"ಬಾ."

ಒಳಗೆ ಹೋದಳು. ಬಾಗಿಲನ್ನು ದಡಾರನೆ ಬಡಿಯುತ್ತಾಳೆ ಅಂತ ನಾನು ಕಾದೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದಳು. ಹಾಳೆಯ ಅಂಟು ಇನ್ನೂ ಹಸಿಯಾಗಿತ್ತು.