ಅಜ್ಜಿ ಕಡೆಯ ಗಾಜು

ಕಾರಿನ ಹಿಂದಿನ ಬಾಗಿಲಿನ ಗಾಜು ಅರ್ಧಕ್ಕೇ ನಿಂತುಬಿಟ್ಟಿತ್ತು. ಸ್ವಿಚ್ಚನ್ನು ಎತ್ತ ಒತ್ತಿದರೂ ಉಸಿರಿಲ್ಲ. ಬಿಂದುಶ್ರೀ ಬಿಚ್ಚಿ ನೋಡಿದರೆ, ವೈರುಗಳನ್ನು ಸ್ವಿಚ್ಚಿಗೆ ಸೇರಿಸುವ ಕಪ್ಲರ್ ಸುಟ್ಟು ಕರಗಿಹೋಗಿದೆ! ಕೆಟ್ಟಿದ್ದೇನೆಂದು ಗೊತ್ತಾಯಿತಲ್ಲ, ಅವಳಿಗೆ ಕುಣಿಯುವಷ್ಟು ಖುಷಿ. ಯಾಕೆಂದರೆ ವಿಶಾಲಮ್ಮಜ್ಜಿ ಮಾತು ಕೊಟ್ಟಿದ್ದರು.

“ನನ್ ಕಡೆ ಗ್ಲಾಸ್ ಇಳಿಯಂಗೆ ಮಾಡವ್ವ, ಆಲೂರಿಗೆ ಗಾಡಿ ನೀನೇ ಓಡ್ಸು. ಇಲ್ದಿದ್ರೆ ಪ್ರವೀಣ ಓಡಿಸ್ತಾನೆ. ಎಲೆಅಡಿಕೆ ಉಗಿಯಕ್ಕೆ ಜಾಗ ಇಲ್ದಿರ ಗಾಡೀಲಿ ನಾನ್ ಹೆಂಗೆ ಕೂರ್ಲಿ?”

ಲೈಸೆನ್ಸ್ ಬಂದ ಮೇಲೆ ಅಣ್ಣ ಪ್ರವೀಣ ಒಂದು ಸಲವೂ ಅವಳ ಕೈಗೆ ಕೀ ಕೊಟ್ಟಿರಲಿಲ್ಲ. ಇವತ್ತು ಆಲೂರಿನಲ್ಲಿ ಚಿಕ್ಕಪ್ಪನ ಮಗಳು ಚೈತ್ರಶ್ರೀಯ ನಿಶ್ಚಿತಾರ್ಥ. ಹೆಗ್ಗದ್ದೆಯಿಂದ ತಾನೇ ಓಡಿಸಿಕೊಂಡು ಹೋಗಿ, ನೆಂಟರೆಲ್ಲ ನೋಡುವಾಗ ಡ್ರೈವರ್ ಬಾಗಿಲಿನಿಂದ ಇಳಿಯಬೇಕು!

ಆನೇಮಹಲಿನ ಗ್ಯಾರೇಜಿನ ಉಮೇರ್ ಯಾವುದೋ ಹಳೇ ಗಾಡಿಯಿಂದ ಕಪ್ಲರ್ ಕಿತ್ತು ಕೊಟ್ಟಿದ್ದ. ಬೆಳಿಗ್ಗೆಯೇ ಅಂಗಳದಲ್ಲಿ ಕೂತು, ಬಣ್ಣಕ್ಕೆ ಬಣ್ಣ ಸೇರಿಸಿ ಟೇಪು ಸುತ್ತಿದಳು. ಕೊನೆಗೆ ಮೋಟರಿಗೆ ಹೋಗುವ ಎರಡು ವೈರು ಉಳಿದವು. ಬಾಗಿಲ ಕಡೆ ಒಂದು ಹಸಿರು, ಒಂದು ಹಳದಿ. ಕಪ್ಲರ್ ಕಡೆ ಎರಡೂ ಕಂದು. ಯಾವುದಕ್ಕೆ ಯಾವುದು?

“ಅಣ್ಣ, ಕೀ ಕೊಡೋ. ಒಂದ್ಸಲ ಚೆಕ್ ಮಾಡ್ಬೇಕು.”

“ಪರೀಕ್ಷೆಗ್ ಮುಂಚೆನೇ ಪೇಪರ್ ಕೇಳ್ತೀಯೇನೇ? ಅಜ್ಜಿ ಬರ್ಲಿ ತಡಿ.” ಬಿಳಿ ಶರ್ಟಿನ ಪ್ರವೀಣ ಹಲ್ಲು ಕಿರಿದ.

ಕಣ್ಣು ಮುಚ್ಚಿ ಸೇರಿಸಿಯೇಬಿಟ್ಟಳು.

ಅಜ್ಜಿ ಬಾಯಿ ತುಂಬ ಎಲೆಅಡಿಕೆ ರಸ ತುಂಬಿಕೊಂಡೇ ಬಂದು ಕೂತರು. ಪ್ರವೀಣ ಕೀ ತಿರುಗಿಸಿ, ತಮಾಷೆ ನೋಡಲು ಅವರ ಬಾಗಿಲಿಗೇ ಒರಗಿ ನಿಂತ. ಅಜ್ಜಿ ಇಳಿಸುವ ಕಡೆ ಒತ್ತಿದರು. ಗಾಜು ಝುಂಯ್ ಎಂದು ಮೇಲೇರಿ ಪೂರ್ತಿ ಮುಚ್ಚಿಕೊಂಡಿತು!

“ಅಯ್ಯೋ ಮಾರಾಯ್ತಿ! ಇಳ್ಸು ಅಂದ್ರೆ ಹತ್ತಿಸ್ಬುಟ್ಯಲ್ಲೇ!” ಪ್ರವೀಣ ಬಾಗಿಲು ತಬ್ಬಿಕೊಂಡು ನಕ್ಕ.

“ಊಂ! ಊಂ!” ಒಳಗೆ ಅಜ್ಜಿಯ ಕೆನ್ನೆ ಪೂರಿಯಂತೆ ಊದಿತ್ತು. ಬಾಗಿಲು ತೆರೆಯೋಣವೆಂದರೆ ಮೊಮ್ಮಗ ಒರಗಿದ್ದಾನೆ.

ಬಿಂದುಶ್ರೀಗೆ ಥಟ್ಟನೆ ಹೊಳೆಯಿತು. ಕಂದು ವೈರು ಅದಲುಬದಲು!

“ಅಜ್ಜೀ, ಹತ್ಸೋ ಕಡೆ ಒತ್ತು! ಹತ್ಸೋ ಕಡೆ!”

ಒತ್ತಿದರು. ಗಾಜು ಸರ್ರನೆ ಇಳಿಯಿತು. ಅಜ್ಜಿಗೆ ಇನ್ನು ತಡೆಯುವ ಶಕ್ತಿ ಇರಲಿಲ್ಲ.

ಪ್ರವೀಣ ತನ್ನ ಶರ್ಟು ನೋಡಿಕೊಂಡ. ಕಾಲರಿನಿಂದ ಹೊಟ್ಟೆಯವರೆಗೆ ಕೆಂಪು.

“ಅಜ್ಜೀ! ಇವ್ಳು ಉಲ್ಟಾ ಜೋಡ್ಸವಳೆ!”

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಉಲ್ಟಾನೋ ಸೀದಾನೋ, ಇಳೀತೋ ಇಲ್ವೋ? ಇಳೀದೆ ನಿನ್ ಶರ್ಟ್ ಹೆಂಗ್ಲಾ ಕೆಂಪಾಯ್ತು? ಹೋಗ್ ಬದ್ಲಾಯ್ಸ್ಕೊಂಡ್ ಬಾ. ಬಿಂದು, ಮುಂದಕ್ ಹತ್ತು.”

ಅವಳಾಗಲೇ ಸ್ಟೇರಿಂಗ್ ಹಿಡಿದು ಹಾರನ್ ಬಾರಿಸುತ್ತಿದ್ದಳು. “ಅಣ್ಣೋ, ಬೇಗ ಬಾರೋ! ನೀನು ಹಿಂದೆ, ಅಜ್ಜಿ ಪಕ್ಕ!”