ಕಂಡವರ ರಕ್ತ

ಬೆಳಗ್ಗೆಯಿಂದ ಪಿಳ್ಳಮ್ಮ ಮಗ ಗೌರೀಶನಿಗೆ ದಾಳಿಂಬೆ ತಿನ್ನಿಸಿದ್ದೇ ತಿನ್ನಿಸಿದ್ದು. ಚಾಮರಾಜಪೇಟೆಯ ರಕ್ತನಿಧಿಯ ಬೆಂಚಿನ ಮೇಲೂ ಡಬ್ಬಿ ತೆರೆದು ಕೂತಿದ್ದರು. ಮಗಳು ಯಶಶ್ರೀಗೆ ನಾಳೆ ಗರ್ಭಕೋಶದ ಆಪರೇಷನ್. ರಕ್ತ ಬೇಕೇ ಬೇಕು ಎಂದಿದ್ದರು ಡಾಕ್ಟರು.

"ಪರೀಕ್ಷೆ ಮಾಡಿರೋ ರಕ್ತ ನಮ್ಮಲ್ಲೇ ಇದೆ ಅಮ್ಮಾ," ಎಂದರು ಅಲ್ಲಿನ ಆಪ್ತ ಸಮಾಲೋಚಕಿ ಧೃತಿ.

"ಕಂಡೋರ ರಕ್ತ ಬೇಡ ಕಣಮ್ಮಾ. ಯಾರ್ಗೆ ಏನ್ ಕಾಯ್ಲೆನೋ! ಏಡ್ಸು ಗೀಡ್ಸು ಅಂತಾರೆ. ಒಡಹುಟ್ಟಿದ ತಮ್ಮ ಕಲ್ಲುಗುಂಡಿನಂಗೆ ಕೂತವ್ನೆ, ಇವನ್ದೇ ತಗೊಳ್ಳಿ."

ಗೌರೀಶ ದಾಳಿಂಬೆಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಹೋದ ವಾರ ಗೆಳೆಯರ ಜೊತೆ ಗೋವಾಕ್ಕೆ ಹೋದವನು ಕುಡಿದ ಅಮಲಿನಲ್ಲಿ ಪರಿಚಯವೇ ಇಲ್ಲದ ಹೆಣ್ಣಿನ ಜೊತೆ ಮಲಗಿ ಬಂದಿದ್ದ. ಅಂದಿನಿಂದ ಒಂದು ಸೀನು ಬಂದರೂ ಜೀವ ಬಾಯಿಗೆ ಬರುತ್ತಿತ್ತು. ಏನಾದರೂ ಇದ್ದರೆ ಇವರ ಟೆಸ್ಟಿನಲ್ಲೇ ಸಿಕ್ಕಿಬೀಳುತ್ತೆ, ಆ ರಕ್ತ ಎಸೀತಾರೆ, ಅಮ್ಮನ ಮುಂದೆ ಬಾಯಿಬಿಡುವ ಕರ್ಮ ತಪ್ಪುತ್ತೆ ಎಂದುಕೊಂಡು ಒಳಗೆ ಹೋದ. ಎಂಥಾ ಲೆಕ್ಕಾಚಾರ!

ಬಾಗಿಲು ಮುಚ್ಚಿ ಧೃತಿ ಕೇಳಬೇಕಾದ್ದನ್ನೆಲ್ಲ ಕೇಳಿದರು. ಉತ್ತರ ಕೊಡುವ ಬದಲು ಅವನೇ ಕೇಳಿದ.

"ಹೆಂಗೂ ಟೆಸ್ಟ್ ಮಾಡ್ತೀರಲ್ಲ ಮೇಡಂ?"

"ಪ್ರತಿಯೊಬ್ಬರದ್ದೂ ಮಾಡ್ತೀವಿ. ಆದ್ರೆ ಎಚ್‌ಐವಿ ಇತ್ತೀಚೆಗೆ ತಗುಲಿದ್ರೆ ಕೆಲವು ವಾರ ಟೆಸ್ಟಲ್ಲಿ ಕಾಣಿಸ್ದೇ ಇರ್ಬಹುದು. ಅದಕ್ಕೇ ಬಾಯಿಬಿಟ್ಟು ಕೇಳೋದು."

ತನ್ನ ರಕ್ತ ಅಕ್ಕನ ತೋಳಿಗೆ ಹನಿಹನಿಯಾಗಿ ಇಳಿಯುವುದು ಗೌರೀಶನ ಕಣ್ಣಿಗೆ ಕಟ್ಟಿತು. ಅಯ್ಯೋ ದೇವರೇ! "ನಂದು ಬೇಡ ಮೇಡಂ," ಎಂದವನೇ ಎಲ್ಲವನ್ನೂ ಹೇಳಿಬಿಟ್ಟ.

"ಹೇಳಿದ್ದು ಒಳ್ಳೇದಾಯ್ತು. ಕಾರಣ ಏನಂತ ನಾವು ಯಾರಿಗೂ ಹೇಳಲ್ಲ. ಇವತ್ತು ಆಗಲ್ವಂತೆ ಅಂದ್ಬಿಡಿ, ಸಾಕು. ದೊಡ್ಡಾಸ್ಪತ್ರೆಗೆ ಇವತ್ತೇ ಹೋಗಿ, ನಿಮ್ಮ ಟೆಸ್ಟ್ ಯಾವಾಗ ಮಾಡಿಸ್ಬೇಕು ಕೇಳಿ."

ಹೊರಗೆ ಬಂದು ಹಾಗೆಯೇ ಅಂದ. ಪಿಳ್ಳಮ್ಮ ಬಿಟ್ಟಾರೆಯೇ? "ಹಂಗಾದ್ರೆ ಆಪರೇಷನ್ನೇ ಬೇಡ, ನಡಿ!" ಎಂದು ಡಬ್ಬಿ ಮುಚ್ಚಿ ಎದ್ದೇಬಿಟ್ಟರು.

ಗೌರೀಶ ಅವರ ಕೈ ಹಿಡಿದು ಮೂಲೆಗೆ ಕರೆದುಕೊಂಡು ಹೋದ. "ಅಮ್ಮಾ, ಕಂಡೋರದ್ದು ಪರೀಕ್ಷೆ ಆಗೈತೆ. ನಂಬಂಗಿಲ್ದೇ ಇರೋದು ನಂದು. ಗೋವಾದಲ್ಲಿ ತಪ್ಪು ಮಾಡ್ಕೊಂಡು ಬಂದಿದೀನಿ. ನನಗೇ ಆ ಕಾಯ್ಲೆ ಇರ್ಬಹುದು. ಅಕ್ಕನಿಗೆ ನನ್ನ ರಕ್ತ ಬೇಡಮ್ಮಾ."

ಪಿಳ್ಳಮ್ಮ ಡಬ್ಬಿಯನ್ನು ಮಗನ ಕೈಗಿಟ್ಟರು. ಆಮೇಲೆ ರಕ್ತ ಕೊಡುವ ಕಿಟಕಿಯ ಹತ್ತಿರ ಹೋಗಿ, "ನಿಮ್ಮಲ್ಲಿರೋದ್ನೇ ಕೊಡ್ರಮ್ಮಾ," ಎಂದರು.

ತಿರುಗಿ ಬಂದು ಮಗನನ್ನು ಕೇಳಿದರು. "ನಿನ್ ಟೆಸ್ಟು ಎಲ್ಲಿ?"

"ದೊಡ್ಡಾಸ್ಪತ್ರೇಲಿ."

"ಒಬ್ನೇ ಹೋಗ್ಬೇಡ. ನಾನೂ ಬರ್ತೀನಿ."